ಹೆಪ್ಪುತಡೆ ಮಾತ್ರೆ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆಯ ದಿನಾಂಕ

ಹೃದಯದ ಕವಾಟ ಬದಲಾಯಿಸಿಕೊಂಡವರು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಎದೆಬಡಿತದ ಲಯ ತಪ್ಪಿದವರು, ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಚಿಕಿತ್ಸೆ ಪಡೆದವರು, ಇವರೆಲ್ಲ ತಿಂಗಳುಗಟ್ಟಲೆ, ಕೆಲವರಂತೂ ಬದುಕಿರುವಷ್ಟು ಕಾಲ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆಗಳನ್ನು ನುಂಗಬೇಕಾಗುತ್ತದೆ. ಜನರ ಬಾಯಲ್ಲಿ ಇವು ‘ರಕ್ತ ತೆಳ್ಳಗೆ ಮಾಡುವ ಮಾತ್ರೆ’ಗಳು. ಇಂಥವರಲ್ಲಿ ಒಬ್ಬರು ಕಣ್ಣುರೆಪ್ಪೆಯ ಜೋಲು ಚರ್ಮ ತೆಗೆಸಲು, ಹೊಟ್ಟೆಯ ಕೊಬ್ಬು ಇಳಿಸಲು, ಬೋಳಾದ ತಲೆಗೆ ಕೂದಲು ನೆಡಿಸಲು ಅಥವಾ ಹಳೆಯ ಸುಟ್ಟಗಾಯದ ಕಲೆಯನ್ನು ಸರಿಪಡಿಸಿಕೊಳ್ಳಲು ಬಯಸಿದಾಗ, ಆ ಮಾತ್ರೆಯನ್ನು ನಿಲ್ಲಿಸಬೇಕೆ, ಎಷ್ಟು ದಿನ ಮೊದಲು ನಿಲ್ಲಿಸಬೇಕು, ಯಾರ ಸೂಚನೆಯ ಮೇರೆಗೆ ನಿಲ್ಲಿಸಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ನಿಲ್ಲಿಸದಿದ್ದರೆ ಶಸ್ತ್ರಚಿಕಿತ್ಸೆಯ ಜಾಗದಲ್ಲಿ ರಕ್ತ ಸೋರುವ ಅಪಾಯವಿದೆ. ನಿಲ್ಲಿಸಿದರೆ ಕವಾಟದ ಮೇಲೋ ಸ್ಟೆಂಟಿನೊಳಗೋ ಮೆದುಳಿನ ನಾಳದಲ್ಲೋ ರಕ್ತ ಗಟ್ಟಿಯಾಗಿ ಕೂರುವ ಅಪಾಯವಿದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಗಳ ನಿವಾಸಿಗಳಿಗೆ ಈ ಪ್ರಶ್ನೆ ದೊಡ್ಡ ನಗರದವರಿಗಿಂತ ತುಸು ಹೆಚ್ಚು ಜಟಿಲವಾಗುವುದಕ್ಕೆ ಭೌಗೋಳಿಕ ಕಾರಣವೊಂದಿದೆ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್ ದೂರದಲ್ಲಿದೆ, ದಾವಣಗೆರೆ ಸುಮಾರು 60 ಕಿಲೋಮೀಟರ್. ಕವಾಟದ ಶಸ್ತ್ರಚಿಕಿತ್ಸೆ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಯಲ್ಲಿ ಆಗಿರುತ್ತದೆ, ರಕ್ತಪರೀಕ್ಷೆ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ನಡೆಯುತ್ತಿರುತ್ತದೆ, ಮಾತ್ರೆಯನ್ನು ಊರಿನ ಮೆಡಿಕಲ್ ಶಾಪಿನಲ್ಲಿ ಹಳೆಯ ಚೀಟಿ ತೋರಿಸಿ ತರಲಾಗುತ್ತಿರುತ್ತದೆ, ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಮತ್ತೊಂದು ಊರಿನವರಾಗಿರುತ್ತಾರೆ. ಮಾತ್ರೆ ಬರೆದವರಿಗೆ ಶಸ್ತ್ರಚಿಕಿತ್ಸೆಯ ಸುದ್ದಿ ತಿಳಿದಿರುವುದಿಲ್ಲ, ಶಸ್ತ್ರಚಿಕಿತ್ಸೆ ಮಾಡುವವರಿಗೆ ಮಾತ್ರೆಯ ಪೂರ್ವಚರಿತ್ರೆ ತಿಳಿದಿರುವುದಿಲ್ಲ. ಎರಡೂ ಕಡೆಯ ಮಾಹಿತಿ ಸೇರುವ ಏಕೈಕ ಸ್ಥಳವೆಂದರೆ ರೋಗಿಯ ಕೈಯಲ್ಲಿರುವ ಪ್ಲಾಸ್ಟಿಕ್ ಚೀಲ ಮತ್ತು ಅದರೊಳಗಿನ ಕಾಗದಪತ್ರಗಳು.

ಸೌಂದರ್ಯ ಶಸ್ತ್ರಚಿಕಿತ್ಸೆಗೂ ಉಳಿದ ಶಸ್ತ್ರಚಿಕಿತ್ಸೆಗಳಿಗೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ಇಲ್ಲಿ ಮೊದಲೇ ಹೇಳಬೇಕು. ಒಡೆದ ಅಪೆಂಡಿಕ್ಸ್ ಆಗಲಿ ಮುರಿದ ತೊಡೆಮೂಳೆಯಾಗಲಿ ಕಾಯುವುದಿಲ್ಲ. ಅಲ್ಲಿ ವೈದ್ಯರು ಮಾತ್ರೆಯ ಪರಿಣಾಮವನ್ನು ಹೇಗಾದರೂ ನಿಭಾಯಿಸಿಕೊಂಡು ಕತ್ತಿ ಹಿಡಿಯಲೇಬೇಕು. ರೂಪವನ್ನು ತಿದ್ದಿಕೊಳ್ಳುವ ಶಸ್ತ್ರಚಿಕಿತ್ಸೆ ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಕಾದರೂ ದೇಹಕ್ಕೆ ಯಾವ ಹಾನಿಯೂ ಇಲ್ಲ, ಕೆಲವೊಮ್ಮೆ ಅದನ್ನು ಪೂರ್ತಿ ಕೈಬಿಡುವುದೂ ಸಾಧ್ಯ. ಆದ್ದರಿಂದ ಮಾತ್ರೆ ಮತ್ತು ಶಸ್ತ್ರಚಿಕಿತ್ಸೆಯ ನಡುವೆ ಘರ್ಷಣೆ ಬಂದಾಗ ದಿನಾಂಕವೇ ಸರಿದುಕೊಳ್ಳಬೇಕು, ಮಾತ್ರೆಯಲ್ಲ. ಮುಂಗಡ ಹಣ ಕಟ್ಟಿಯಾಗಿದೆ, ಮನೆಯಲ್ಲಿ ಮದುವೆ ಹತ್ತಿರವಿದೆ, ರಜೆ ಸಿಕ್ಕಿದೆ ಎಂಬ ಕಾರಣಗಳಿಗೆ ಹೃದ್ರೋಗ ತಜ್ಞರನ್ನು ಕೇಳದೆ ಮಾತ್ರೆ ಬಿಡುವವರು ಕಡಿಮೆ ತುರ್ತಿನ ಕೆಲಸಕ್ಕಾಗಿ ಹೆಚ್ಚು ತುರ್ತಿನ ರಕ್ಷಣೆಯನ್ನು ತೊರೆದಂತಾಗುತ್ತದೆ.

ರಕ್ತನಾಳಕ್ಕೆ ಗಾಯವಾದಾಗ ದೇಹ ಎರಡು ಹಂತಗಳಲ್ಲಿ ಸೋರಿಕೆಯನ್ನು ತಡೆಯುತ್ತದೆ. ಮೊದಲ ಹಂತದಲ್ಲಿ ರಕ್ತದಲ್ಲಿ ತೇಲುವ ಕಿರುಬಿಲ್ಲೆಗಳು, ಅಂದರೆ ಡೆಂಗೆ ಜ್ವರದ ಕಾಲದಲ್ಲಿ ಎಲ್ಲರೂ ಎಣಿಸಿ ನೋಡುವ ಪ್ಲೇಟ್‌ಲೆಟ್‌ಗಳು, ಗಾಯದ ಬಾಯಿಗೆ ಅಂಟಿಕೊಂಡು ಒಂದರ ಮೇಲೊಂದು ಕೂಡಿ ತಾತ್ಕಾಲಿಕ ಬಿರಡೆಯಾಗುತ್ತವೆ. ಎರಡನೆಯ ಹಂತದಲ್ಲಿ ಯಕೃತ್ತು ತಯಾರಿಸಿಟ್ಟ ಹಲವು ಪ್ರೋಟೀನುಗಳು ಒಂದನ್ನೊಂದು ಎಚ್ಚರಿಸುತ್ತ ಹೋಗಿ, ಕೊನೆಗೆ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆದು ಆ ಬಿರಡೆಯನ್ನು ಭದ್ರಪಡಿಸುತ್ತವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲರ್ ಮೊದಲಾದವು ಮೊದಲ ಹಂತವನ್ನು ತಡೆಯುವ ಔಷಧಗಳು. ವಾರ್ಫರಿನ್, ಅಸೆನೋಕೌಮರಾಲ್, ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಮತ್ತು ಚುಚ್ಚುಮದ್ದಾಗಿ ಕೊಡುವ ಹೆಪಾರಿನ್ ಎರಡನೆಯ ಹಂತವನ್ನು ತಡೆಯುವವು. ಈ ಎರಡು ಗುಂಪುಗಳ ಉದ್ದೇಶ ಬೇರೆ, ದೇಹದಿಂದ ಅವುಗಳ ಪರಿಣಾಮ ಇಳಿಯುವ ವೇಗ ಬೇರೆ, ನಿಲ್ಲಿಸಿದಾಗ ಎದುರಾಗುವ ಅಪಾಯವೂ ಬೇರೆ. ‘ರಕ್ತ ತೆಳ್ಳಗಾಗುವ ಮಾತ್ರೆಗಳನ್ನು ಒಂದು ವಾರ ಮೊದಲು ನಿಲ್ಲಿಸಿ’ ಎಂಬ ಒಂದೇ ಸಾಲಿನ ಮುದ್ರಿತ ಸೂಚನೆ ಎಲ್ಲ ರೋಗಿಗಳಿಗೂ ಹೊಂದುವುದಿಲ್ಲ ಎಂಬುದಕ್ಕೆ ಇದೇ ಕಾರಣ.

ವಾರ್ಫರಿನ್ ಬೆಳಕಿಗೆ ಬಂದ ಬಗೆ ಒಕ್ಕಲುತನದ ಸೀಮೆಯ ಓದುಗರಿಗೆ ಸುಲಭವಾಗಿ ಅರ್ಥವಾಗುವಂಥದು. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಬಯಲುಗಳಲ್ಲಿ ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡವನ್ನು ತಿಂದ ದನಗಳು ಕಾರಣವಿಲ್ಲದೆ ರಕ್ತಸ್ರಾವದಿಂದ ಸಾಯತೊಡಗಿದವು. ಕೊಂಬು ಕತ್ತರಿಸುವುದು, ಬೀಜ ತೆಗೆಯುವುದು ಮುಂತಾದ ಅತಿ ಸಾಮಾನ್ಯ ಕೆಲಸಗಳ ನಂತರವೂ ರಕ್ತ ನಿಲ್ಲುತ್ತಿರಲಿಲ್ಲ. ಬಣವೆಯಲ್ಲಿ ತೇವಕ್ಕೆ ಬೂಷ್ಟು ಹಿಡಿದ ಮೇವೇ ಇದಕ್ಕೆ ಕಾರಣವೆಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಗುರುತಿಸಿದರು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹೆಪ್ಪುಗಟ್ಟದ ರಕ್ತವನ್ನು ಡಬ್ಬಿಯಲ್ಲಿ ತುಂಬಿಕೊಂಡು ಜೀವರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದ ಮೇಲೆ, ವರ್ಷಗಳ ದುಡಿಮೆಯಿಂದ ಅಲ್ಲಿ ಡೈಕೌಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು, 1950ರ ದಶಕದಲ್ಲಿ ಮನುಷ್ಯರ ಔಷಧವಾಯಿತು. ಸಣ್ಣದೆಂದು ತೋರುವ ಕತ್ತರಿಕೆಯೂ ಹೆಪ್ಪುಗಟ್ಟದ ರಕ್ತವಿರುವ ದೇಹದಲ್ಲಿ ಪ್ರಾಣಾಂತಕವಾಗಬಲ್ಲದು ಎಂಬುದನ್ನು ಮೊದಲು ತೋರಿಸಿಕೊಟ್ಟದ್ದು ಆ ದನಗಳೇ.

ಭಾರತದಲ್ಲಿ ವಾರ್ಫರಿನ್‌ಗಿಂತ ಅದೇ ಕುಲದ ಅಸೆನೋಕೌಮರಾಲ್ ಹೆಚ್ಚು ಬಳಕೆಯಲ್ಲಿದೆ. ಅಸಿಟ್ರೋಮ್ ಎಂಬ ವ್ಯಾಪಾರನಾಮದಿಂದ ರೋಗಿಗಳಿಗೆ ಅದು ಪರಿಚಿತ. ಇದನ್ನು ನುಂಗುವವರಲ್ಲಿ ಬಹಳ ಮಂದಿಯ ಕಾಯಿಲೆ ಬಾಲ್ಯದ ಗಂಟಲು ನೋವಿನಿಂದ ಆರಂಭವಾಗಿರುತ್ತದೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಸಕಾಲದಲ್ಲಿ ಚಿಕಿತ್ಸೆ ಸಿಗದೆ ಹೋದಾಗ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಕೀಲುನೋವು ಕೆಲವು ವಾರಗಳಲ್ಲಿ ಮಾಯವಾದರೂ ಹೃದಯದ ಕವಾಟಗಳಿಗೆ ಆದ ಹಾನಿ ಉಳಿದು, ಹತ್ತಿಪ್ಪತ್ತು ವರ್ಷಗಳ ನಂತರ ಏದುಸಿರಾಗಿ ಕಾಣಿಸಿಕೊಳ್ಳುತ್ತದೆ. ಹಾಳಾದ ಕವಾಟದ ಜಾಗದಲ್ಲಿ ಲೋಹದ ಕವಾಟ ಕೂರಿಸಿದವರಿಗೆ ಈ ಮಾತ್ರೆ ಜೀವನಪರ್ಯಂತ ಬೇಕು, ಏಕೆಂದರೆ ದೇಹಕ್ಕೆ ಹೊರಗಿನದಾದ ಆ ಮೇಲ್ಮೈಯ ಮೇಲೆ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದ ದೇಶೀಯ ಕವಾಟ ಬಂದ ಮೇಲೆ ಈ ಚಿಕಿತ್ಸೆಯ ವೆಚ್ಚ ಇಳಿಯಿತು. ಕರ್ನಾಟಕದಲ್ಲಿ 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆ ಹೃದಯ ಶಸ್ತ್ರಚಿಕಿತ್ಸೆಯನ್ನು ರೈತ ಕುಟುಂಬಗಳ ಕೈಗೆಟಕುವಂತೆ ಮಾಡಿತು. ಲೋಹದ ಕವಾಟ ಹೊತ್ತು ದುಡಿಯುವ ಗಂಡಸರು ಹೆಂಗಸರು ಇಂದು ಹಳ್ಳಿಗಳಲ್ಲೂ ಇದ್ದಾರೆಂಬುದು ಈ ಬೆಳವಣಿಗೆಗಳ ಫಲ.

ಈ ಮಾತ್ರೆಯ ಪ್ರಮಾಣವನ್ನು ನಿರ್ಧರಿಸುವುದು ಐಎನ್‌ಆರ್ ಎಂಬ ರಕ್ತಪರೀಕ್ಷೆ. ಔಷಧವಿಲ್ಲದ ಆರೋಗ್ಯವಂತರಲ್ಲಿ ಇದು ಸುಮಾರು 1 ಇರುತ್ತದೆ; ಲಯ ತಪ್ಪಿದ ಹೃದಯಬಡಿತಕ್ಕೆ ಮಾತ್ರೆ ನುಂಗುವವರಲ್ಲಿ ಸಾಮಾನ್ಯವಾಗಿ 2ರಿಂದ 3ರ ನಡುವೆ, ಹೃದಯದ ಎಡಭಾಗದ ಮೈಟ್ರಲ್ ಎಂಬ ಕವಾಟದ ಜಾಗದಲ್ಲಿ ಲೋಹದ ಕವಾಟವಿರುವವರಲ್ಲಿ 2.5ರಿಂದ 3.5ರ ನಡುವೆ ಇರಬೇಕೆಂದು ವೈದ್ಯರು ಬಯಸುತ್ತಾರೆ. ಮಾತ್ರೆ ಕೆಲಸ ಮಾಡುವುದು ‘ಕೆ’ ಜೀವಸತ್ವದ ಬಳಕೆಯನ್ನು ತಡೆಯುವ ಮೂಲಕವಾದ್ದರಿಂದ, ಆ ಜೀವಸತ್ವ ಹೇರಳವಾಗಿರುವ ಸೊಪ್ಪುಗಳನ್ನು ಒಮ್ಮೆಲೇ ಹೆಚ್ಚಿಸಿದರೆ ಐಎನ್‌ಆರ್ ಇಳಿಯುತ್ತದೆ, ಒಮ್ಮೆಲೇ ಬಿಟ್ಟರೆ ಏರುತ್ತದೆ. ಮಳೆ ಬಿದ್ದು ಹೊಲದ ಬದುಗಳಲ್ಲಿ ಬೆರಕೆ ಸೊಪ್ಪು ಸಿಗುವ ದಿನಗಳಲ್ಲಿ ಮುದ್ದೆಯ ಜೊತೆಗೆ ಮಸ್ಸೊಪ್ಪು ವಾರಕ್ಕೆ ನಾಲ್ಕು ಸಲ ಆಗುವ ಮನೆಗಳಲ್ಲಿ ಐಎನ್‌ಆರ್ ಬೇಸಿಗೆಯಲ್ಲಿ ಇದ್ದಂತೆಯೇ ಇರುತ್ತದೆ ಎಂದು ನಂಬಲಾಗದು. ಸೊಪ್ಪನ್ನು ಬಿಡಬೇಕೆಂದಲ್ಲ, ಪ್ರಮಾಣ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ತೆರನಾಗಿರಬೇಕು, ಮತ್ತು ಶಸ್ತ್ರಚಿಕಿತ್ಸೆಗೆ ಮುನ್ನ ಮೂರು ತಿಂಗಳ ಹಿಂದಿನ ವರದಿಯನ್ನು ಆಧಾರವಾಗಿ ಹಿಡಿಯದೆ ಹೊಸದಾಗಿ ಪರೀಕ್ಷೆ ಮಾಡಿಸಬೇಕು.

ಸೌಂದರ್ಯ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ರಕ್ತನಾಳಗಳನ್ನು ಕತ್ತರಿಸುವುದಿಲ್ಲವಾದರೂ ರಕ್ತಸ್ರಾವ ಅಷ್ಟೇನೂ ಗಂಭೀರವಲ್ಲ ಎಂದು ಭಾವಿಸುವುದು ತಪ್ಪು. ಮುಖದ ಸುಕ್ಕು ತೆಗೆಯುವಾಗಲೂ ಹೊಟ್ಟೆಯ ಚರ್ಮವನ್ನು ಬಿಗಿಗೊಳಿಸುವಾಗಲೂ ವೈದ್ಯರು ಚರ್ಮವನ್ನು ಅದರ ಕೆಳಗಿನ ಪದರದಿಂದ ಅಗಲವಾಗಿ ಬಿಡಿಸುತ್ತಾರೆ. ಬಿಡಿಸಿದ ಜಾಗದಲ್ಲಿ ರಕ್ತ ಸೋರಿ ಗಡ್ಡೆಯಾಗಿ ನಿಂತರೆ ಮೇಲಿನ ಚರ್ಮಕ್ಕೆ ರಕ್ತ ಪೂರೈಕೆ ತಪ್ಪಿ ಅದು ಸಾಯಬಹುದು, ಸೋಂಕು ತಗಲಬಹುದು, ಸುಧಾರಿಸಬೇಕಾಗಿದ್ದ ರೂಪ ಕೆಡಬಹುದು. ಕೂದಲು ನೆಡುವಾಗ ಸಾವಿರಾರು ಸಣ್ಣ ರಂಧ್ರಗಳಿಂದ ಜಿನುಗುವ ರಕ್ತ ನೆಟ್ಟ ಕೂದಲಿನ ಬುಡಗಳನ್ನು ಹೊರದೂಡುತ್ತದೆ. ಎಲ್ಲಕ್ಕಿಂತ ಭಯಾನಕವಾದದ್ದು ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆಯ ನಂತರ ಕಣ್ಣುಗುಡ್ಡೆಯ ಹಿಂದೆ ರಕ್ತ ಶೇಖರವಾಗುವ ಸ್ಥಿತಿ. ಇದು ಅಪರೂಪ, ಆದರೆ ಬಂದಾಗ ಕಣ್ಣಿನ ನರ ಒತ್ತಡಕ್ಕೆ ಸಿಕ್ಕಿ, ಒಂದೆರಡು ಗಂಟೆಗಳೊಳಗೆ ಒತ್ತಡವನ್ನು ಇಳಿಸದಿದ್ದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಇಂಥ ರಕ್ತಸ್ರಾವ ಹೆಚ್ಚಾಗಿ ಮೊದಲ 24 ಗಂಟೆಗಳಲ್ಲೇ ಸಂಭವಿಸುವುದರಿಂದ, ಬೆಂಗಳೂರಿನಲ್ಲಿ ಮಧ್ಯಾಹ್ನ ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಂಜೆಯ ಬಸ್ಸಿಗೆ ಹೊಸದುರ್ಗಕ್ಕೆ ಹೊರಡುವುದು ಯಾರಿಗೂ, ಅದರಲ್ಲೂ ಹೆಪ್ಪುತಡೆ ಮಾತ್ರೆ ನುಂಗುವವರಿಗೆ, ಸಲ್ಲದ ಕ್ರಮ. ಆ ರಾತ್ರಿ ಆಸ್ಪತ್ರೆಯ ಸಮೀಪದಲ್ಲೇ ತಂಗಬೇಕು. ಕಣ್ಣಿನಲ್ಲಿ ಹಠಾತ್ ನೋವು, ಉಬ್ಬು, ಮಂಜು ಕಂಡರೆ ಬೆಳಗಾಗುವವರೆಗೆ ಕಾಯದೆ ಹೋಗಬೇಕು.

ಯಾವ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸುತ್ತಾರೆ ಎಂಬುದು ಆ ಔಷಧದ ಪರಿಣಾಮ ದೇಹದಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಅವಲಂಬಿಸಿದೆ. ಇಲ್ಲಿ ಕೊಡುವ ಅಂಕಿಗಳು ವೈದ್ಯರ ಲೆಕ್ಕಾಚಾರವನ್ನು ಓದುಗರು ಅರ್ಥಮಾಡಿಕೊಳ್ಳಲಿ ಎಂಬ ಉದ್ದೇಶದವು, ಮನೆಯಲ್ಲೇ ಅನುಸರಿಸಲು ಬರೆದ ಚೀಟಿಯಲ್ಲ. ವಾರ್ಫರಿನ್ ನಿಧಾನವಾಗಿ ಇಳಿಯುವುದರಿಂದ ಅದನ್ನು ಸುಮಾರು 5 ದಿನ ಮೊದಲು ನಿಲ್ಲಿಸಲಾಗುತ್ತದೆ. ಅಸೆನೋಕೌಮರಾಲ್ ಬೇಗ ಇಳಿಯುವುದರಿಂದ 2ರಿಂದ 3 ದಿನ ಸಾಕೆಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಎರಡರಲ್ಲೂ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಐಎನ್‌ಆರ್ 1.5ಕ್ಕಿಂತ ಕೆಳಗೆ ಬಂದಿದೆಯೇ ಎಂದು ನೋಡುವ ರೂಢಿಯಿದೆ. ವಾರ್ಫರಿನ್‌ಗೆಂದು ಮುದ್ರಿಸಿದ 5 ದಿನದ ಸೂಚನೆಯನ್ನು ಅಸಿಟ್ರೋಮ್ ನುಂಗುವವರು ಹಾಗೆಯೇ ಪಾಲಿಸಿದರೆ ಲೋಹದ ಕವಾಟ ಎರಡು ಮೂರು ದಿನ ವೃಥಾ ರಕ್ಷಣೆಯಿಲ್ಲದೆ ಇರುತ್ತದೆ ಎಂಬುದು ನಮ್ಮ ದೇಶದಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶ. ಹೊಸ ತಲೆಮಾರಿನ ರಿವರಾಕ್ಸಬಾನ್, ಅಪಿಕ್ಸಬಾನ್‌ಗಳನ್ನು ರಕ್ತಸ್ರಾವದ ಸಂಭವ ಕಡಿಮೆಯಿರುವ ಶಸ್ತ್ರಚಿಕಿತ್ಸೆಗೆ ಒಂದು ದಿನ, ಹೆಚ್ಚಿರುವುದಕ್ಕೆ ಎರಡು ದಿನ ಮೊದಲು ನಿಲ್ಲಿಸುತ್ತಾರೆ. ಡಾಬಿಗಾಟ್ರಾನ್ ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ ಅವು ದುರ್ಬಲವಾಗಿರುವವರಲ್ಲಿ ನಾಲ್ಕು ದಿನಗಳವರೆಗೂ ಬೇಕಾಗಬಹುದು. ಬೆನ್ನಿಗೆ ಚುಚ್ಚಿ ಅರಿವಳಿಕೆ ಕೊಡುವುದಾದರೆ ಬೆನ್ನುಹುರಿಯ ಸುತ್ತ ರಕ್ತ ಸೇರದಿರಲೆಂದು ಅರಿವಳಿಕೆ ತಜ್ಞರು ಇನ್ನೂ ಹೆಚ್ಚಿನ ಅಂತರವನ್ನು ಕೇಳುತ್ತಾರೆ.

ಈ ಹೊಸ ಮಾತ್ರೆಗಳಿಗೆ ಪದೇಪದೇ ರಕ್ತಪರೀಕ್ಷೆ ಬೇಕಿಲ್ಲವೆಂಬ ಅನುಕೂಲವನ್ನು ಕೇಳಿದ ಕವಾಟದ ರೋಗಿಗಳು ‘ನಮಗೂ ಅದನ್ನೇ ಕೊಡಿ’ ಎಂದು ಕೇಳುವುದು ಸಹಜವೇ. ಆದರೆ ಲೋಹದ ಕವಾಟವಿರುವವರಲ್ಲಿ ಡಾಬಿಗಾಟ್ರಾನ್ ಪ್ರಯತ್ನಿಸಿದ ಅಧ್ಯಯನವನ್ನು ಹೆಪ್ಪು ಮತ್ತು ರಕ್ತಸ್ರಾವ ಎರಡೂ ಹೆಚ್ಚಾದ ಕಾರಣ ನಡುವೆಯೇ ನಿಲ್ಲಿಸಬೇಕಾಯಿತು. ರುಮ್ಯಾಟಿಕ್ ಹೃದ್ರೋಗದ ಜೊತೆಗೆ ಲಯ ತಪ್ಪಿದ ಬಡಿತವಿರುವ ಸುಮಾರು 4,500 ರೋಗಿಗಳ ಮೇಲೆ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿಯೂ ಹಳೆಯ ಕುಲದ ಮಾತ್ರೆಗಳೇ ರಿವರಾಕ್ಸಬಾನ್‌ಗಿಂತ ಮೇಲೆಂದು ಕಂಡುಬಂತು. ಶಸ್ತ್ರಚಿಕಿತ್ಸೆಯ ಅನುಕೂಲಕ್ಕಾಗಿ ಮಾತ್ರೆಯ ಕುಲವನ್ನೇ ಬದಲಿಸುವ ಸಲಹೆಯನ್ನು ಇಂಥ ರೋಗಿಗಳು ಹೃದ್ರೋಗ ತಜ್ಞರ ಒಪ್ಪಿಗೆಯಿಲ್ಲದೆ ಸ್ವೀಕರಿಸಬಾರದು.

ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಹೆಪಾರಿನ್ ಚುಚ್ಚುಮದ್ದು ಕೊಟ್ಟು ನಡುವಿನ ತೆರವನ್ನು ತುಂಬುವ ಪದ್ಧತಿಯೊಂದಿದೆ. ಒಂದು ಕಾಲದಲ್ಲಿ ಇದನ್ನು ಬಹುತೇಕ ಎಲ್ಲರಿಗೂ ಮಾಡಲಾಗುತ್ತಿತ್ತು. 2015ರಲ್ಲಿ ಪ್ರಕಟವಾದ ಬ್ರಿಡ್ಜ್ ಎಂಬ ಅಧ್ಯಯನ, ಬಡಿತದ ಲಯ ತಪ್ಪಿದ 1,884 ರೋಗಿಗಳನ್ನು ಗಮನಿಸಿ, ಚುಚ್ಚುಮದ್ದು ಪಡೆದವರಲ್ಲಿ ಹೆಪ್ಪುಗಟ್ಟುವ ತೊಂದರೆ ಕಡಿಮೆಯಾಗಲಿಲ್ಲವೆಂದೂ, ತೀವ್ರ ರಕ್ತಸ್ರಾವ ಮಾತ್ರ ಶೇಕಡ 1.3ರಿಂದ 3.2ಕ್ಕೆ ಏರಿತೆಂದೂ ತೋರಿಸಿತು. ಅಂದಿನಿಂದ ಲಯದ ತೊಂದರೆ ಮಾತ್ರ ಇರುವ ಹೆಚ್ಚಿನವರಿಗೆ ಈ ಚುಚ್ಚುಮದ್ದು ಅನಗತ್ಯವೆಂದು ಪರಿಗಣಿಸಲಾಗಿದೆ. ಆದರೆ ಆ ಅಧ್ಯಯನದಲ್ಲಿ ಲೋಹದ ಕವಾಟವಿದ್ದವರನ್ನು ಸೇರಿಸಿರಲಿಲ್ಲ. ಮೈಟ್ರಲ್ ಸ್ಥಾನದ ಲೋಹದ ಕವಾಟವಿರುವವರಲ್ಲಿ ಹೆಪಾರಿನ್ ನೀಡುವ ವಿಚಾರವನ್ನು ತಜ್ಞರು ಇಂದಿಗೂ ಒಬ್ಬೊಬ್ಬ ರೋಗಿಯ ಸ್ಥಿತಿ ನೋಡಿ ತೀರ್ಮಾನಿಸುತ್ತಾರೆ. ಅಂಥ ರೋಗಿಗೆ ಮಾತ್ರೆ ನಿಲ್ಲಿಸುವುದು, ದಿನಕ್ಕೆರಡು ಸಲ ಚುಚ್ಚುಮದ್ದು ಹಾಕಿಸುವುದು, ಮತ್ತೆ ಮಾತ್ರೆ ಹಿಡಿಸುವುದು, ಐಎನ್‌ಆರ್ ದಾರಿಗೆ ಬರುವವರೆಗೆ ಕಾಯುವುದು, ಇಷ್ಟೆಲ್ಲ ಅಪಾಯವನ್ನು ಹೊಟ್ಟೆಯ ಮಡಿಕೆಯೊಂದನ್ನು ತೆಗೆಸುವುದಕ್ಕಾಗಿ ಮೈಮೇಲೆ ಎಳೆದುಕೊಳ್ಳಬೇಕೆ ಎಂಬ ಪ್ರಶ್ನೆಯನ್ನು ವೈದ್ಯರು ನೇರವಾಗಿಯೇ ಕೇಳಬೇಕು, ಬೇಡವೆಂದು ಅನ್ನಿಸಿದರೆ ಸ್ಪಷ್ಟವಾಗಿ ಬೇಡವೆನ್ನಬೇಕು.

ಸ್ಟೆಂಟ್ ಹಾಕಿಸಿಕೊಂಡವರ ವಿಷಯ ಇನ್ನೊಂದು ಬಗೆಯದು. ರಾಜ್ಯದ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರಗಳೊಂದಿಗೆ ಜೋಡಿಸಿ ಹೃದಯಾಘಾತಕ್ಕೆ ತ್ವರಿತ ಚಿಕಿತ್ಸೆ ಒದಗಿಸುವ, ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಜಾರಿಗೆ ಬಂದ ಮೇಲೆ, ಆಘಾತದಿಂದ ಪಾರಾಗಿ ಸ್ಟೆಂಟಿನೊಂದಿಗೆ ಊರಿಗೆ ಮರಳುವ ನಡುವಯಸ್ಕರು ಹೆಚ್ಚುವುದು ಸಹಜ. ಸ್ಟೆಂಟ್ ಎಂಬ ಆ ಸಣ್ಣ ಜಾಲರಿಯ ಮೇಲೆ ನಾಳದ ಒಳಪದರ ಬೆಳೆದು ಮುಚ್ಚುವವರೆಗೆ ಆಸ್ಪಿರಿನ್ ಜೊತೆಗೆ ಮತ್ತೊಂದು ಕಿರುಬಿಲ್ಲೆ ತಡೆಯುವ ಮಾತ್ರೆಯೂ ಬೇಕಾಗುತ್ತದೆ. ಅದಕ್ಕೂ ಮೊದಲೇ ಎರಡನ್ನೂ ಬಿಟ್ಟರೆ ಸ್ಟೆಂಟ್ ಹಠಾತ್ತನೆ ಕಟ್ಟಿಕೊಂಡು ಮತ್ತೊಂದು ಹೃದಯಾಘಾತವಾಗಬಹುದು, ಹೀಗಾದವರಲ್ಲಿ ಸಾವಿನ ಪ್ರಮಾಣ ಬಹಳ ಹೆಚ್ಚು. ಆದ್ದರಿಂದ ಔಷಧ ಲೇಪಿತ ಸ್ಟೆಂಟ್ ಹಾಕಿಸಿಕೊಂಡ ಮೇಲೆ, ಹೃದಯಾಘಾತಕ್ಕಾಗಿ ಹಾಕಿದ್ದರೆ 12 ತಿಂಗಳು, ಇಲ್ಲದಿದ್ದರೆ 6 ತಿಂಗಳು, ಮುಂದೂಡಬಹುದಾದ ಯಾವ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಬಾರದೆಂಬುದು ಹೃದ್ರೋಗ ತಜ್ಞರ ಸಾಮಾನ್ಯ ನಿಲುವು. ಕಾಲಿನ ಅಥವಾ ಶ್ವಾಸಕೋಶದ ನಾಳದಲ್ಲಿ ಹೆಪ್ಪು ಕಂಡವರು ಕನಿಷ್ಠ 3 ತಿಂಗಳು ಕಾಯಬೇಕು. ಆ ಅವಧಿ ಮುಗಿದ ಮೇಲೂ ಸ್ಟೆಂಟ್ ಇರುವವರಲ್ಲಿ ಆಸ್ಪಿರಿನ್‌ಅನ್ನು ಸಾಮಾನ್ಯವಾಗಿ ಮುಂದುವರಿಸಿ, ಕ್ಲೋಪಿಡೋಗ್ರೆಲ್ ಆದರೆ 5 ದಿನ, ಪ್ರಾಸುಗ್ರೆಲ್ ಆದರೆ 7 ದಿನ, ಟಿಕಾಗ್ರೆಲರ್ ಆದರೆ 3ರಿಂದ 5 ದಿನ ಮೊದಲು ನಿಲ್ಲಿಸುತ್ತಾರೆ.

ಯಾವ ಹೃದ್ರೋಗವೂ ಇಲ್ಲದೆ, ಮುನ್ನೆಚ್ಚರಿಕೆಗೆಂದು ಆಸ್ಪಿರಿನ್ ನುಂಗುವವರ ಲೆಕ್ಕ ಬೇರೆ. ಆಸ್ಪಿರಿನ್ ಒಮ್ಮೆ ತಟ್ಟಿದ ಕಿರುಬಿಲ್ಲೆ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಕಿರುಬಿಲ್ಲೆಯ ಆಯುಷ್ಯ 7ರಿಂದ 10 ದಿನವಾದ್ದರಿಂದ ಹೊಸವು ಹುಟ್ಟಿ ಬರಲು ಸುಮಾರು ಒಂದು ವಾರ ಬೇಕು. 2014ರಲ್ಲಿ ಪ್ರಕಟವಾದ, 10,010 ರೋಗಿಗಳ ಪೋಯಿಸ್-2 ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಆಸ್ಪಿರಿನ್ ಕೊಟ್ಟದ್ದರಿಂದ ಸಾವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ, ತೀವ್ರ ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಇಂಥವರು ವೈದ್ಯರ ಅನುಮತಿಯೊಂದಿಗೆ ಒಂದು ವಾರ ನಿಲ್ಲಿಸುವುದರಲ್ಲಿ ಹಾನಿಯಿಲ್ಲ.

ಚೀಟಿಯಿಲ್ಲದೆ ಸಿಗುವ ಔಷಧಗಳನ್ನು ರೋಗಿಗಳು ಮಾತ್ರೆಗಳ ಲೆಕ್ಕಕ್ಕೇ ಹಿಡಿಯುವುದಿಲ್ಲವಾದ್ದರಿಂದ ವೈದ್ಯರು ಅವನ್ನು ಹೆಸರು ಹೇಳಿ ಕೇಳಬೇಕಾಗುತ್ತದೆ. ಹೊಲದ ಕೆಲಸ ಮುಗಿಸಿ ಸೊಂಟನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ತಲೆನೋವಿಗೆ ನೀರಲ್ಲಿ ಕರಗಿಸಿ ಕುಡಿಯುವ ಡಿಸ್ಪ್ರಿನ್, ಇವೆಲ್ಲ ಕಿರುಬಿಲ್ಲೆಗಳ ಕೆಲಸವನ್ನು ಕುಂದಿಸುತ್ತವೆ, ಡಿಸ್ಪ್ರಿನ್ ಎಂಬುದು ಆಸ್ಪಿರಿನ್ನೇ. ಮೀನೆಣ್ಣೆಯ ಗುಳಿಗೆ, ಹೆಚ್ಚು ಪ್ರಮಾಣದ ‘ಇ’ ಜೀವಸತ್ವ, ಜಿಂಕೋ, ಜಿನ್‌ಸೆಂಗ್, ಬೆಳ್ಳುಳ್ಳಿಯ ಸಾರದ ಗುಳಿಗೆಗಳ ಬಗ್ಗೆಯೂ ಪ್ಲಾಸ್ಟಿಕ್ ಸರ್ಜನ್‌ಗಳು ಎಚ್ಚರ ವಹಿಸಿ ಒಂದೆರಡು ವಾರ ಮೊದಲು ಬಿಡಿಸುತ್ತಾರೆ. ಸಾರಿಗೆ ಹಾಕುವ ನಾಲ್ಕು ಎಸಳು ಬೆಳ್ಳುಳ್ಳಿಗೆ ಈ ಮಾತು ಅನ್ವಯಿಸುವುದಿಲ್ಲ. ನೋವಿಗೆ ಈ ದಿನಗಳಲ್ಲಿ ಪ್ಯಾರಾಸಿಟಮಾಲ್ ಸುರಕ್ಷಿತವೆಂದು ಎಣಿಸಲಾಗುತ್ತದೆ, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ.

ಸೌಂದರ್ಯ ಶಸ್ತ್ರಚಿಕಿತ್ಸೆಯೇ ಹೆಪ್ಪುಗಟ್ಟುವಿಕೆಗೆ ದಾರಿ ಮಾಡಬಲ್ಲದು ಎಂಬ ಅಂಶವೂ ಇದೆ. ಹೊಟ್ಟೆಯ ಚರ್ಮ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ, ಅದರ ಜೊತೆಗೇ ಕೊಬ್ಬು ಹೀರುವುದು, ಗಂಟೆಗಟ್ಟಲೆ ಅರಿವಳಿಕೆ, ಆಮೇಲೆ ನೋವಿಗೆ ಬಾಗಿ ಮಲಗಿರುವುದು, ಇವೆಲ್ಲ ಸೇರಿದಾಗ ಕಾಲಿನ ಒಳನಾಳದಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟಿ, ಅದರ ತುಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ವಯಸ್ಸು, ತೂಕ, ಹಿಂದೆ ಹೆಪ್ಪಾದದ್ದು, ಗರ್ಭನಿರೋಧಕ ಮಾತ್ರೆಯ ಬಳಕೆ ಮುಂತಾದವಕ್ಕೆ ಅಂಕ ಕೊಟ್ಟು ಈ ಅಪಾಯವನ್ನು ಅಳೆಯಲು ಅಮೆರಿಕದ ಶಸ್ತ್ರವೈದ್ಯ ಜೋಸೆಫ್ ಕ್ಯಾಪ್ರಿನಿ ರೂಪಿಸಿದ ಮಾಪನವನ್ನು ಈಗ ಅನೇಕ ಕಡೆ ಬಳಸುತ್ತಾರೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳನ್ನು ದೊಡ್ಡ ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲೇ ನಿಲ್ಲಿಸಿ ಬೇರೆ ವಿಧಾನಕ್ಕೆ ಬದಲಾಗುವಂತೆ ಹೇಳುವುದುಂಟು. ಕಾಲು ಮಡಿಸಿ ಕೂತು ಮಾಡುವ ದೀರ್ಘ ಬಸ್ ಪ್ರಯಾಣವೂ ಇದೇ ಅಪಾಯಕ್ಕೆ ಸೇರುತ್ತದೆ; ಇಂಥ ಶಸ್ತ್ರಚಿಕಿತ್ಸೆಯ ನಂತರ ಊರಿಗೆ ಮರಳುವ ದಿನವನ್ನು ವೈದ್ಯರೊಂದಿಗೆ ನಿಗದಿಪಡಿಸಿಕೊಂಡು, ಹೊರಟಾಗ ದಾರಿಯಲ್ಲಿ ಇಳಿದು ಓಡಾಡುತ್ತ ಬರಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಹಠಾತ್ತನೆ ಉಸಿರು ಕಟ್ಟುವುದು ಕಂಡರೆ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ತಕ್ಷಣ ಹೋಗಬೇಕು, ಶಸ್ತ್ರಚಿಕಿತ್ಸೆ ಮಾಡಿದ ಊರಿಗೇ ಹೋಗಬೇಕೆಂದು ಕಾಯಬಾರದು.

ಮಾತ್ರೆಯನ್ನು ನಿಲ್ಲಿಸುವಷ್ಟೇ ಮುಖ್ಯವಾದದ್ದು ಮತ್ತೆ ಆರಂಭಿಸುವುದು, ಮತ್ತು ಹೆಚ್ಚಾಗಿ ಮರೆತುಹೋಗುವುದೂ ಇದೇ. ವಾರ್ಫರಿನ್ ಕುಲದ ಮಾತ್ರೆಗಳು ಪೂರ್ಣ ಪರಿಣಾಮ ಬೀರಲು ಕೆಲವು ದಿನ ತೆಗೆದುಕೊಳ್ಳುವುದರಿಂದ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾದ 24 ಗಂಟೆಯೊಳಗೇ ಮತ್ತೆ ಕೊಡತೊಡಗುತ್ತಾರೆ. ಹೊಸ ಮಾತ್ರೆಗಳು ಎರಡು ಮೂರು ಗಂಟೆಯಲ್ಲೇ ಕೆಲಸ ಆರಂಭಿಸುವುದರಿಂದ, ಗಾಯ ದೊಡ್ಡದಾಗಿದ್ದರೆ 48ರಿಂದ 72 ಗಂಟೆ ಕಾಯುತ್ತಾರೆ. ಈ ನಡುವೆ ಗಾಯಕ್ಕೆಂದು ಕೊಡುವ ಕೆಲವು ಸೋಂಕುನಿವಾರಕಗಳು, ಉದಾಹರಣೆಗೆ ಮೆಟ್ರೊನಿಡಜೋಲ್, ಐಎನ್‌ಆರ್‌ಅನ್ನು ತಟ್ಟನೆ ಏರಿಸುತ್ತವೆ. ಹೊಲಿಗೆ ಬಿಚ್ಚಿಸಲು ಹೋಗುವ ಮುನ್ನವೇ ಚಿತ್ರದುರ್ಗದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಈ ಕಾರಣದಿಂದ ಅಗತ್ಯ. ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಯಾವ ಮಾತ್ರೆ, ಯಾವ ಕಾಯಿಲೆಗೆ, ಕೊನೆಯ ಗುಳಿಗೆ ಯಾವ ತಾರೀಖಿನ ರಾತ್ರಿ, ಮತ್ತೆ ಮೊದಲ ಗುಳಿಗೆ ಯಾವ ತಾರೀಖಿನ ರಾತ್ರಿ, ಮುಂದಿನ ಐಎನ್‌ಆರ್ ಯಾವ ದಿನ, ಸಂದೇಹ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬಿಷ್ಟೂ ಕನ್ನಡದಲ್ಲಿ ಬರೆದಿರಬೇಕೆಂದು ಕೇಳುವ ಹಕ್ಕು ರೋಗಿಗಿದೆ. ‘ನಂತರ ಮುಂದುವರಿಸಿ’ ಎಂಬ ಎರಡು ಪದಗಳು ಸಾಲವು.

ಇಷ್ಟೆಲ್ಲ ವಿಚಾರಿಸುವ ವ್ಯವಧಾನ ಎಲ್ಲ ಕಡೆಯೂ ಇರುತ್ತದೆಂದು ಹೇಳಲಾಗದು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಕನ್ನಡ ಕಿರುತೆರೆಯ ಯುವ ನಟಿಯೊಬ್ಬರು ಮೃತಪಟ್ಟಾಗ ರಾಜ್ಯವೇ ಬೆಚ್ಚಿತು. ಅದಕ್ಕೂ ಹೆಪ್ಪುತಡೆ ಮಾತ್ರೆಗೂ ಸಂಬಂಧವಿರಲಿಲ್ಲವಾದರೂ, ರೂಪಕ್ಕಾಗಿ ಮಾಡಿಸಿಕೊಳ್ಳುವುದೂ ಪೂರ್ಣ ಅರ್ಥದ ಶಸ್ತ್ರಚಿಕಿತ್ಸೆಯೇ ಎಂಬುದು ಆ ಸಾವಿನಿಂದ ಅನೇಕರ ಮನಸ್ಸಿಗೆ ತಟ್ಟಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ, ಸೌಂದರ್ಯ ಶಸ್ತ್ರಚಿಕಿತ್ಸೆ ಮತ್ತು ಕೂದಲು ನೆಡುವಿಕೆಯನ್ನು ತಕ್ಕ ತರಬೇತಿ ಪಡೆದ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗದು ಎಂದು ಮಾರ್ಗಸೂಚಿ ಹೊರಡಿಸಿತು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗದ ಜಾಗದಲ್ಲಿ ಯಾವ ಶಸ್ತ್ರಚಿಕಿತ್ಸೆಯೂ ನಡೆಯುವಂತಿಲ್ಲ. ಮೊದಲ ಭೇಟಿಯಲ್ಲಿ ಹೆಪ್ಪುತಡೆ ಮಾತ್ರೆಯ ಬಗ್ಗೆ ತಾವಾಗಿಯೇ ಕೇಳದ, ಹೃದ್ರೋಗ ತಜ್ಞರ ಪತ್ರ ತರಿಸದ ಕೇಂದ್ರದಿಂದ ರೋಗಿ ಎದ್ದು ಬರುವುದೇ ಲೇಸು.

ಚಿತ್ರದುರ್ಗ ಜಿಲ್ಲೆಯಲ್ಲಿ ರೂಪದ ಕಾರಣಕ್ಕೆ ವೈದ್ಯರ ಬಳಿ ಹೋಗಬಯಸುವ ಮತ್ತೊಂದು ಗುಂಪಿದೆ. ಜಿಲ್ಲೆಯ ಹಲವೆಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟಿದೆ; ಹಲ್ಲು ಒಳಗೆ ರೂಪುಗೊಳ್ಳುವ ಬಾಲ್ಯದ ವರ್ಷಗಳಲ್ಲಿ ಆ ನೀರು ಕುಡಿದವರ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಪಟ್ಟೆಗಳೂ ಕಂದು ಕಲೆಗಳೂ ಉಳಿದುಬಿಡುತ್ತವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಗಲು ಸಂಕೋಚಪಟ್ಟು ಬಾಯಿಗೆ ಕೈ ಅಡ್ಡ ಹಿಡಿಯುವವರ ಈ ನೋವು ಸಣ್ಣದಲ್ಲ. ಇವರಲ್ಲಿ ಹೆಪ್ಪುತಡೆ ಮಾತ್ರೆ ನುಂಗುವವರು ಹಲ್ಲಿನ ಚಿಕಿತ್ಸೆಗೂ ಮಾತ್ರೆ ಬಿಡಬೇಕೇನೋ ಎಂದು ಹಿಂಜರಿಯುತ್ತಾರೆ, ಕೆಲವರು ತಾವಾಗಿಯೇ ಬಿಟ್ಟು ಹೋಗುತ್ತಾರೆ. ಕಲೆಯ ಮೇಲ್ಪದರವನ್ನು ತೇಯುವುದು, ಬಿಳುಪುಗೊಳಿಸುವುದು, ಹಲ್ಲಿನ ಬಣ್ಣದ ರಾಳ ಅಥವಾ ಪಿಂಗಾಣಿಯ ತೆಳು ಹೊದಿಕೆ ಅಂಟಿಸುವುದು, ಇವುಗಳಲ್ಲಿ ರಕ್ತ ಬರುವ ಸಂದರ್ಭವೇ ಬಹಳ ಕಡಿಮೆಯಾದ್ದರಿಂದ ಮಾತ್ರೆ ಬಿಡುವ ಅಗತ್ಯವಿಲ್ಲ. ಒಂದೆರಡು ಹಲ್ಲು ಕೀಳಬೇಕಾಗಿ ಬಂದರೂ, ಐಎನ್‌ಆರ್ ಆ ರೋಗಿಗೆ ಗೊತ್ತುಪಡಿಸಿದ ಮಿತಿಯೊಳಗೆ ಇದ್ದರೆ, ದಂತವೈದ್ಯರು ಗಾಯಕ್ಕೆ ಹೊಲಿಗೆ ಹಾಕಿ, ಒತ್ತಿ ಹಿಡಿಯುವ ಹತ್ತಿಬಟ್ಟೆ ಇಟ್ಟು, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ದ್ರಾವಣದಲ್ಲಿ ಬಾಯಿ ಮುಕ್ಕಳಿಸಲು ಹೇಳಿ ಕಳಿಸುತ್ತಾರೆ, ಮತ್ತು ರೋಗಿ ಆ ರಾತ್ರಿಯ ಮಾತ್ರೆಯನ್ನೂ ಎಂದಿನಂತೆಯೇ ನುಂಗುತ್ತಾನೆ.